ಬನಹಟ್ಟಿಯಲ್ಲಿ ಸುಮ್ಮನೆ ನಿಂತ ಹೀರೋ

ನಾನು ನಿಂತಿದ್ದು ಬನಹಟ್ಟಿಯ ಒಂದು ಕಲ್ಯಾಣ ಮಂಟಪದ ವೇದಿಕೆಯ ಮೇಲೆ, ಎಡಬದಿಯ ಎರಡನೆಯ ಪಕ್ಕಪರದೆಯ ಹಿಂದೆ. ಪ್ರೇಕ್ಷಕರ ಕಡೆಯಿಂದ ನೋಡಿದರೆ ಅದು ಬಲಬದಿ. ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳು, ಮಗ್ಗಗಳಿಗೆ ರಜೆ ಇದ್ದ ದಿನ. ರಾತ್ರಿ ಮಂಟಪವನ್ನು ಮದುವೆಯವರು ಹಿಡಿದಿದ್ದರಿಂದ ನಮ್ಮ ನಾಟಕ ಮಧ್ಯಾಹ್ನ ಎರಡಕ್ಕೇ ಶುರುವಾಗಿತ್ತು. ನಾನು ಹೇಳಬೇಕಾದ ಸಂಗತಿ ನಡೆದಾಗ ನನ್ನ ಕೈಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಆ ಗಡಿಯಾರ ಎರಡು ನಿಮಿಷ ಮುಂದೆ ಓಡುತ್ತದೆ. ಆದ್ದರಿಂದ ನಾಲ್ಕೂ ಎಂಟು ಎಂದು ತಿಳಿಯಬೇಕು.

ನನ್ನ ಕೈಯಲ್ಲಿ ನಾಟಕದ ಪುಸ್ತಕವಿತ್ತು. ನಾನು ಜಮಖಂಡಿಯ ಕೋರ್ಟಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ನಮ್ಮ ನಾಟ್ಯ ಸಂಘದ ಪ್ರಾಂಪ್ಟರ್ ಆಗಿ ಇನ್ನೂ ನಿವೃತ್ತನಾಗಿಲ್ಲ. ಎರಡೂ ಕಡೆ ಕೆಲಸ ಹೆಚ್ಚುಕಡಿಮೆ ಒಂದೇ. ಬೇರೆಯವರು ಏನು ಹೇಳಬೇಕೆಂಬುದು ನನ್ನ ಕೈಯಲ್ಲಿರುವ ಕಾಗದದಲ್ಲಿರುತ್ತದೆ, ಅವರು ಬೇರೆ ಏನನ್ನೋ ಹೇಳುತ್ತಾರೆ.

ವೇದಿಕೆಯ ನಡುವೆ ನಿಂತಿದ್ದವನು ನಮ್ಮ ಹೀರೋ. ನನ್ನ ಶಾಲೆಯ ಗೆಳೆಯ, ಬನಹಟ್ಟಿಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳ ಒಡೆಯ, ವಯಸ್ಸು ಐವತ್ತೆಂಟು. ಇಪ್ಪತ್ತಾರನೆಯ ವಯಸ್ಸಿನಿಂದ ಅವನೇ ಹೀರೋ. ನಾಟಕದಲ್ಲಿ ಅವನಿಗೆ ತಾಯಿಯಾಗಿ ಬರುತ್ತಿದ್ದವರು ಅವನಿಗಿಂತ ಚಿಕ್ಕವರಾಗುತ್ತ ಹೋದರೂ ಅವನು ಹೀರೋ ಆಗಿಯೇ ಉಳಿದಿದ್ದ. ಕಾರಣ ಅವನ ಗಂಟಲು. ಹಗಲೆಲ್ಲ ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಅದು. ಅವನು 'ಅಣ್ಣಾ!' ಎಂದು ಅಬ್ಬರಿಸಿದರೆ ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬರ ಅಣ್ಣ ತಿರುಗಿ ನೋಡುತ್ತಾನೆ ಎಂದು ನಾವು ಹೇಳುತ್ತಿದ್ದೆವು.

ಆ ನಾಟಕಕ್ಕೆ ನಾಲ್ಕು ತಿಂಗಳು ಮೊದಲು ಗಂಟಲು ಕೈಕೊಟ್ಟಿತು. ಬೆಳಗಾವಿಯ ವೈದ್ಯರು ಒಳಗೆ ನಳಿಗೆ ಇಳಿಸಿ ನೋಡಿ, ಗಂಟು ಬೆಳೆದಿದೆ, ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಕೂಗಬಾರದು ಎಂದರು. ಇದು ಅವನ ಹೆಂಡತಿಗೆ ಮತ್ತು ನನಗೆ ಮಾತ್ರ ಗೊತ್ತು. ಸಂಘದ ಅಧ್ಯಕ್ಷರಿಗೆ ಗೊತ್ತಿದ್ದದ್ದು ದನಿ ಒಡೆದಿದೆ ಎಂಬುದಷ್ಟೇ. ಅಧ್ಯಕ್ಷರು ಕಬ್ಬಿನ ದೊಡ್ಡ ರೈತರು, ನೇರ ಮನುಷ್ಯ. ತಾಲೀಮಿನ ಮೊದಲ ದಿನವೇ ಎಲ್ಲರ ಎದುರು ಹೇಳಿದರು:

"ನೋಡಪಾ, ಅಣ್ಣನ ಸೀನಿನಾಗ ಸೀಟಿ ಬೀಳಬೇಕು. ಬೀಳಲಿಲ್ಲಂದ್ರ ಮುಂದಿನ ಸಲ ನೀನು ತಂದಿ ಪಾರ್ಟು."

ನಮ್ಮ ಸಂಘದ ನಾಟಕಗಳಲ್ಲಿ ತಂದೆ ಮೊದಲನೆಯ ದೃಶ್ಯದಲ್ಲೇ ಮಂಚದ ಮೇಲೆ ಕೆಮ್ಮಿ ಸಾಯುತ್ತಾನೆ. ಪೇಟಿ ಮಾಸ್ತರರು ಹಾರ್ಮೋನಿಯಂ ಒರೆಸುತ್ತ, "ಈಗಿನ ಗಂಟಲಕ್ಕ ಅದ ಪಾರ್ಟು ಛಲೋ ಒಪ್ಪತೈತಿ" ಎಂದರು. ಎಲ್ಲರೂ ನಕ್ಕರು. ಹೀರೋ ಕೂಡ ನಕ್ಕ. ಆದರೆ ಆ ದಿನ ಚಹಾ ಕುಡಿಯದೆ ಮನೆಗೆ ಹೋದ.

ಅವನಿಗೆ ಬೇಕಾಗಿದ್ದದ್ದು ಕೂಗದೆಯೂ ಹೀರೋ ಆಗಿ ಉಳಿದ ಒಬ್ಬ ಮನುಷ್ಯ. ಅಂಥವನನ್ನು ತಂದುಕೊಟ್ಟವರು ಜಮಖಂಡಿಯ ಕಾಲೇಜಿನ ಲೆಕ್ಚರರ್ ಒಬ್ಬರು. ನಮ್ಮ ಸಂಘಕ್ಕೆ ಅವರು ಸಲಹೆಗಾರರು. ಸಲಹೆ ಕೊಡುತ್ತಿದ್ದರು, ನಾವು ಕೇಳುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಒಬ್ಬ ದೊಡ್ಡ ಸಿನಿಮಾ ನಟನಿದ್ದಾನೆ, ಏನೂ ಮಾಡದೆ ಜಗತ್ಪ್ರಸಿದ್ಧನಾದ, ಅವನ ಅತ್ಯುತ್ತಮ ಚಿತ್ರಗಳು ಏಳು ಎಂದು ಹೇಳಿ ಪೆನ್ ಡ್ರೈವ್ ಕೊಟ್ಟರು. ಆ ನಟನ ಹೆಸರನ್ನು ನಾನು ಬರೆಯುವುದಿಲ್ಲ. ನಾವು ನಾಲ್ಕು ಜನ ಅದನ್ನು ನಾಲ್ಕು ರೀತಿ ಉಚ್ಚರಿಸುತ್ತಿದ್ದೆವು, ಯಾವುದೂ ಸರಿ ಇರಲಿಲ್ಲ ಎಂದು ಲೆಕ್ಚರರ ಮುಖವೇ ಹೇಳುತ್ತಿತ್ತು.

ಏಳು ಭಾನುವಾರ ಬೆಳಗ್ಗೆ ಹೀರೋನ ಮನೆಯಲ್ಲಿ ಏಳು ಸಿನಿಮಾ ನೋಡಿದೆವು. ಹೀರೋ, ನಾನು, ಲೆಕ್ಚರರು, ಪೇಟಿ ಮಾಸ್ತರರು, ಮತ್ತು ಬೀಳಗಿಯಿಂದ ತಾಲೀಮಿಗೆ ಬರುತ್ತಿದ್ದ ನಮ್ಮ ನಾಯಕಿ. ಟಿವಿ ಪರದೆಯ ಕೆಳಭಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಲೆಕ್ಚರರು ಓದಿ ಕನ್ನಡದಲ್ಲಿ ಹೇಳಬೇಕು ಎಂದಾಗಿತ್ತು. ಅವರಿಗೆ ಕೆಲಸವೇ ಬೀಳಲಿಲ್ಲ.

ಮೊದಲನೆಯದರಲ್ಲಿ ಆ ಮನುಷ್ಯ ಗಡಿಯಾರ ರಿಪೇರಿ ಮಾಡುವವನು. ಹೆಂಡತಿ ಬಿಟ್ಟುಹೋಗಿದ್ದಾಳೆ. ಅವನು ಸಾರು ಕುಡಿಯುತ್ತಾನೆ. ಬಟ್ಟಲು ಮುಗಿಯುವವರೆಗೂ ಕ್ಯಾಮೆರಾ ಅಲುಗುವುದಿಲ್ಲ.

"ಸರ, ಇವ ಯಾವಾಗ ಮಾತಾಡತಾನ್ರಿ?" ಎಂದು ನಾಯಕಿ ಕೇಳಿದಳು.

"ಮಾತಾಡತಾನಮ್ಮ, ಸ್ವಲ್ಪ ತಡಿ."

"ಸಾರಿಗೆ ಉಪ್ಪು ಹೆಚ್ಚಾಗಿರಬೇಕ್ರಿ. ಅದಕ್ಕ ಆಕಿ ಬಿಟ್ಟಹೋಗ್ಯಾಳ."

"ಉಪ್ಪು ಹೆಚ್ಚಾಗಿದ್ರ ನಮ್ಮ ಹೀರೋ ಒಂದು ಪುಟ ಡೈಲಾಗ್ ಹೊಡೀತಿದ್ದ" ಎಂದರು ಪೇಟಿ ಮಾಸ್ತರರು.

ಹೀರೋ ಮಾತ್ರ ಟಿವಿಯ ಮುಂದೆ ಮೊಣಕೈ ಊರಿ ಕೂತು, "ಸುಮ್ನಿರ್ರೋ, ಅವ ಏನೋ ಹೇಳಾಕತ್ತಾನ" ಎಂದ. ಪರದೆಯ ಮೇಲೆ ಆ ಮನುಷ್ಯ ಚಮಚ ನೆಕ್ಕುತ್ತಿದ್ದ.

ಆ ನಟನ ಚಿತ್ರಗಳಲ್ಲಿ ಯಾವುದು ಅತ್ಯುತ್ತಮ ಎಂದು ಪ್ರತಿ ಭಾನುವಾರ ಜಗಳವಾಗುತ್ತಿತ್ತು. ಲೆಕ್ಚರರ ಬಳಿ ದೊಡ್ಡ ದೊಡ್ಡವರು ಮಾಡಿದ ಪಟ್ಟಿಗಳಿದ್ದವು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಪೇಟಿ ಮಾಸ್ತರರಿಗೆ ಮೂರನೆಯದು ಶ್ರೇಷ್ಠ, ಅದರಲ್ಲಿ ಒಬ್ಬ ಮುದುಕ ಎದೆಗೆ ಕಟ್ಟಿಕೊಂಡು ಬಾರಿಸುವ ಪೇಟಿ ಇತ್ತು. ನಾಯಕಿಗೆ ಐದನೆಯದು. ಅದರಲ್ಲಿ ಅವನು ಪೊಲೀಸರಿಂದ ತಪ್ಪಿಸಿಕೊಂಡು ಒಬ್ಬ ವಿಧವೆಯ ಮನೆಗೆ ಬರುತ್ತಾನೆ, ಇಬ್ಬರೂ ಕಾಫಿ ಕುಡಿಯುತ್ತಾರೆ, ನಂತರ ಅವನು ಎದ್ದು ಎರಡೂ ಕಪ್ಪು ತೊಳೆದು ಬೋರಲು ಇಡುತ್ತಾನೆ. "ತೊಳದ ಡಬ್ಬ ಹಾಕ್ಯಾನ್ರಿ! ನಮ್ಮ ನಾಟಕದಾಗ ಇಷ್ಟ ವರ್ಷದಾಗ ಒಬ್ಬ ಹೀರೋ ಕಪ್ ತೊಳದಾನೇನ್ರಿ? ನಿನಗಾಗಿ ಪ್ರಾಣ ಕೊಡತೇನಿ ಅಂತ ಎಲ್ಲಾರೂ ಅಂದಾರ" ಎಂದಳು. ನನಗೆ ಆರನೆಯದು ಸೇರಲೇ ಇಲ್ಲ. ಅದರಲ್ಲಿ ಅವನು ಆರೋಪಿ. ನ್ಯಾಯಾಧೀಶರ ಎದುರು ಜೇಬಿನಲ್ಲಿ ಕೈಯಿಟ್ಟು ನಿಲ್ಲುತ್ತಾನೆ, ಯಾರೂ ಕೈ ತೆಗಿ ಎನ್ನುವುದಿಲ್ಲ. ಜಮಖಂಡಿಯಲ್ಲಿ ಇದು ನಡೆಯುತ್ತಿರಲಿಲ್ಲ ಎಂದೆ. "ನೀ ಅಪೀಲು ಹಾಕಲೇ" ಎಂದ ಹೀರೋ.

ಹೀರೋನ ಲೆಕ್ಕವೇ ಬೇರೆ. ಅವನ ಕೋರಿಕೆಯಂತೆ ನಾನು ಪ್ರತಿ ಸಿನಿಮಾದಲ್ಲಿ ಆ ನಟ ಎಷ್ಟು ಸಲ ಬಾಯಿ ತೆರೆದ ಎಂದು ಗೀಟು ಹಾಕುತ್ತಿದ್ದೆ. ಗೀಟು ಕಡಿಮೆ ಇದ್ದದ್ದು ಮೇಲಿನ ಸ್ಥಾನಕ್ಕೆ. ಹೀಗೆ ಗಡಿಯಾರದವನು ಮೊದಲನೆಯವನಾದ. ಲೆಕ್ಚರರು ಇದು ಕಲೆಯನ್ನು ಅಳೆಯುವ ರೀತಿಯಲ್ಲ ಎಂದು ವಾದಿಸಿ, ಕೊನೆಗೆ ತಮ್ಮ ಪಟ್ಟಿಗಳಲ್ಲಿ ಎರಡರ ಮೊದಲ ಸ್ಥಾನದಲ್ಲೂ ಅದೇ ಚಿತ್ರ ಇರುವುದನ್ನು ನೋಡಿ ವಾದ ಬಿಟ್ಟರು.

ತಾಲೀಮಿನಲ್ಲಿ ಹೀರೋ ಅರ್ಧ ದನಿಯಲ್ಲಿ ಮಾತು ಒಪ್ಪಿಸುತ್ತಿದ್ದ. "ಗಂಟಲ ಉಳಸಾಕತ್ತೇನಿ" ಎಂದು ಎಲ್ಲರಿಗೂ ಹೇಳುತ್ತಿದ್ದ. ನಾಟಕದ ದಿನ ಏನು ಮಾಡುತ್ತಾನೆ ಎಂದು ನನಗೂ ಹೇಳಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಮೊದಲೇ ಗೊತ್ತಿತ್ತು ಎಂದು ಕೆಲವರು ಆಡಿಕೊಳ್ಳುತ್ತಾರೆ.

ಈಗ ನಾಲ್ಕೂ ಎಂಟಕ್ಕೆ ಬರುತ್ತೇನೆ. ದೃಶ್ಯ ಇಷ್ಟು: ತಾಯಿಯ ಒಡವೆ ಕಳುವಾಗಿದೆ. ಅಣ್ಣ ತಮ್ಮನ ಮೇಲೆ ಕಳವು ಹೊರಿಸುತ್ತಾನೆ. ತಮ್ಮ ಎಂದರೆ ನಮ್ಮ ಹೀರೋ. ಅಣ್ಣನ ಪಾತ್ರಕ್ಕೆ ರಬಕವಿಯ ಒಬ್ಬ ತರುಣ ಬಿಳಿ ಮೀಸೆ ಅಂಟಿಸಿಕೊಂಡು ನಿಂತಿದ್ದ. ಇಲ್ಲಿ ಹೀರೋನಿಗೆ ಒಂದೂವರೆ ಪುಟದ ಮಾತಿದೆ. ಕೊನೆಗೆ ಅಬ್ಬರ, ಅದರ ಮೇಲೆ ಸೀಟಿ. ಅದು ಮುಗಿದ ಮೇಲೆ ಅಣ್ಣ, "ಸಾಕು! ನಿಲ್ಲಿಸು ನಿನ್ನ ಮಾತು!" ಎನ್ನಬೇಕು.

ಅಣ್ಣ ಕಳವು ಹೊರಿಸಿದ. ಹೀರೋ ಅವನ ಕಡೆ ನೋಡಿದ. ಬಾಯಿ ತೆರೆಯಲಿಲ್ಲ.

ನಮ್ಮ ನಾಟಕದಲ್ಲಿ ಯಾರೂ ಮಾತಾಡದ ಗಳಿಗೆ ಎಂಬುದು ಇಲ್ಲ. ಮಾತು ನಿಂತರೆ ಅದು ಪೇಟಿ ಮಾಸ್ತರರ ಹಕ್ಕು. ಅವರು ಒಂದು ಅಳುವ ರಾಗ ಎತ್ತಿಕೊಂಡರು. ಹೀರೋ ಅವರ ಕಡೆ ತಿರುಗಲಿಲ್ಲ, ಬಲಗೈಯ ಒಂದು ಬೆರಳನ್ನು ಸ್ವಲ್ಪ ಎತ್ತಿದ. ಮೂವತ್ತು ವರ್ಷದಲ್ಲಿ ಯಾರೂ ನಿಲ್ಲಿಸಲಾಗದ ಪೇಟಿ ನಿಂತಿತು.

ಹಿಂದಿನ ಸಾಲುಗಳಲ್ಲಿ ಮುಧೋಳದಿಂದ ಬಂದವರಿದ್ದರು. ಅಲ್ಲಿಂದ ಒಬ್ಬ ಕೂಗಿದ: "ಡೈಲಾಗ್ ಮರತಾನ್ರೋ!"

ನನ್ನ ಸ್ಥಿತಿ ಹೇಳುತ್ತೇನೆ. ಮೂರು ಸಾಧ್ಯತೆ ಇದ್ದವು. ಅವನು ಮಾತು ಮರೆತಿದ್ದರೆ ನಾನು ಹೇಳಿಕೊಡಲೇಬೇಕು. ಗಂಟಲು ಪೂರ್ತಿ ಹೋಗಿದ್ದರೆ ಹೇಳಿಕೊಟ್ಟು ಉಪಯೋಗವಿಲ್ಲ. ಬೇಕೆಂದೇ ನಿಂತಿದ್ದರೆ ಹೇಳಿಕೊಡುವುದು ಮಹಾಪಾಪ. ನಾನು ನಿಂತ ಜಾಗದಿಂದ ಅವನ ಬೆನ್ನು ಮತ್ತು ಎಡ ಕಿವಿ ಕಾಣುತ್ತಿದ್ದವು. ಕಿವಿ ನೋಡಿ ಇದನ್ನು ತೀರ್ಮಾನಿಸಲಾಗುವುದಿಲ್ಲ. ಅಭ್ಯಾಸಬಲ ಗೆದ್ದಿತು. ನಾನು ಹೇಳಿದೆ: "ಅಣ್ಣಾ..." ಅವನು ಕದಲಲಿಲ್ಲ. ಇನ್ನೊಮ್ಮೆ, ಜೋರಾಗಿ: "ಅಣ್ಣಾ, ತಾಯಿಯ ಹಾಲು ಕುಡಿದ ಈ ಬಾಯಿ..."

ಮೂರನೆಯ ಸಾಲಿನಿಂದ ಒಬ್ಬ ನೇಕಾರ ಎದ್ದು ನಿಂತ. "ಏ ಬುಕ್ಕಿನವನ! ಬಾಯಿ ಮುಚ್ಚಲೇ!"

ಮುಚ್ಚಿದೆ. ಪುಸ್ತಕವನ್ನೂ ಮುಚ್ಚಿದೆ.

ಆಮೇಲೆ ಮಂಟಪದಲ್ಲಿ ಏನೂ ಕೇಳಿಸಲಿಲ್ಲ. ಆ ಊರಿನವರು ಸದ್ದಿಗೆ ತಲೆ ಎತ್ತುವುದಿಲ್ಲ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಉಂಡು ಮಲಗಿದವರು. ಸದ್ದು ನಿಂತರೆ ತಲೆ ಎತ್ತುತ್ತಾರೆ, ಏಕೆಂದರೆ ಎಲ್ಲೋ ಎಳೆ ಹರಿದಿದೆ. ನಾನು ಪರದೆಯ ಸಂದಿನಿಂದ ನೋಡಿದೆ. ಎಲ್ಲರೂ ತಲೆ ಎತ್ತಿದ್ದರು. ಹರಿದದ್ದು ಎಲ್ಲಿ ಎಂದು ಹುಡುಕುವವರಂತೆ ಅವನನ್ನು ನೋಡುತ್ತಿದ್ದರು.

ಹೀರೋ ಹೆಗಲ ಮೇಲಿನ ಟವೆಲು ತೆಗೆದ. ಅದರ ಅಂಚಿನಲ್ಲಿ ಒಂದು ಎಳೆ ಬಿಟ್ಟಿತ್ತು. ಅದನ್ನು ಬೆರಳ ತುದಿಯಿಂದ ಎತ್ತಿ, ಇನ್ನೊಂದು ತುದಿ ಹುಡುಕಿ, ನೇಕಾರರು ಹಾಕುವ ಸಣ್ಣ ಗಂಟು ಹಾಕಿ, ಉಳಿದದ್ದನ್ನು ಹಲ್ಲಿನಿಂದ ಕಡಿದ. ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಅಣ್ಣನನ್ನು ನೋಡಿದ. ಇದು ಆ ಏಳು ಸಿನಿಮಾಗಳಲ್ಲಿ ಯಾವುದರಲ್ಲೂ ಇಲ್ಲ. ನಾನು ನಂತರ ಏಳನ್ನೂ ಮತ್ತೆ ನೋಡಿ ಖಚಿತಪಡಿಸಿಕೊಂಡಿದ್ದೇನೆ.

ಅಣ್ಣನ ಪಾತ್ರದ ತರುಣನ ಮೀಸೆ ಒಂದು ಕಡೆ ಬಿಟ್ಟು ಜೋತಿತ್ತು. ಅವನಿಗೆ ಗೊತ್ತಿದ್ದ ಮುಂದಿನ ಮಾತು ಒಂದೇ. ಅದನ್ನೇ ಹೇಳಿದ:

"ಸಾಕು... ನಿಲ್ಲಿಸು ನಿನ್ನ ಮಾತು."

ಯಾರೂ ನಗಲಿಲ್ಲ. ಬನಹಟ್ಟಿಯಲ್ಲಿ, ಹಗಲು ಹೊತ್ತಿನಲ್ಲಿ, ಜೋತ ಮೀಸೆಯವನೊಬ್ಬ ಒಂದು ಶಬ್ದವೂ ಆಡದವನಿಗೆ ಮಾತು ನಿಲ್ಲಿಸು ಎಂದ, ನಾನೂರು ಜನರಲ್ಲಿ ಒಬ್ಬರೂ ನಗಲಿಲ್ಲ. ನಾನು ಪರದೆಯ ಕೋಲು ಹಿಡಿದುಕೊಂಡೆ. ಗಡಿಯಾರ ನೋಡಿದೆ. ನಾಲ್ಕೂ ಹದಿಮೂರು, ಅಂದರೆ ನಾಲ್ಕೂ ಹನ್ನೊಂದು.

ಸೀಟಿ ಬೀಳಲಿಲ್ಲ. ಚಪ್ಪಾಳೆಯೂ ಬೀಳಲಿಲ್ಲ. ಇದು ನಮಗೆ ಆಟ ಮುಗಿದ ಮೇಲೆ ನೆನಪಾಯಿತು. ಹೀರೋ ಬಣ್ಣ ಒರೆಸದೆ ಕುರ್ಚಿಯಲ್ಲಿ ಕೂತಿದ್ದ. ಅಧ್ಯಕ್ಷರು ಒಳಗೆ ಬಂದು ಅವನ ಎದುರು ನಿಂತರು.

"ಸೀಟಿ ಬೀಳಲಿಲ್ಲ" ಎಂದರು.

"ಹೌದ್ರಿ" ಎಂದ ಹೀರೋ. ದನಿ ಇರಲಿಲ್ಲ, ಗಾಳಿ ಬಂತು. ಆಗ ನನಗೆ ಅನುಮಾನ ಬಂತು. ಅಬ್ಬರಿಸಬೇಕೆಂದಿದ್ದರೂ ಆ ದಿನ ಅವನಿಂದ ಆಗುತ್ತಿರಲಿಲ್ಲವೇನೋ. ಆದರೆ ಗಂಟಲು ಹೋದದ್ದು ದೃಶ್ಯಕ್ಕೆ ಮೊದಲೋ ನಂತರವೋ ಎಂದು ಕೇಳಿದಾಗಲೆಲ್ಲ ಅವನು ನಕ್ಕುಬಿಡುತ್ತಿದ್ದ.

ಅಧ್ಯಕ್ಷರು ಜೇಬಿನಿಂದ ತಿನ್ನದೆ ಉಳಿದ ಶೇಂಗಾ ಪೊಟ್ಟಣ ತೆಗೆದರು. "ಶೇಂಗಾ ತಿನ್ನೋದನ್ನೂ ಬಿಟ್ಟಿದ್ರಲೇ ಮಂದಿ. ನಾನೂ ಬಿಟ್ಟಿದ್ದೆ" ಎಂದರು. "ಮುಂದಿನ ಸಲಾನೂ ನೀನ ಹೀರೋ. ಆದ್ರ ಸ್ವಲ್ಪರ ಮಾತಾಡಪಾ, ಪುಸ್ತಕ ಬರದವಗ ನಾವೇನು ಉತ್ತರ ಕೊಡೂದು?"

ಮುಂದಿನ ವಾರ ಆಪರೇಷನ್ ಆಯಿತು. ಗಂಟಿನ ಜೊತೆ ದನಿಯೂ ಹೋಯಿತು. ಲೆಕ್ಚರರು ನೋಡಲು ಬಂದಾಗ ಅದೇ ನಟನ ಎಂಟನೆಯ ಚಿತ್ರವೊಂದನ್ನು ತಂದರು. ಅದರಲ್ಲಿ ಅವನು ರೊಟ್ಟಿ ಸುಡುವ ಭಟ್ಟಿಯವನು, ಮೊದಲಿನಿಂದ ಕೊನೆಯವರೆಗೆ ಹರಟುತ್ತಾನೆ, ಕೆಟ್ಟ ಸಿನಿಮಾ ಎಂದು ಎಲ್ಲ ಪಟ್ಟಿಗಳೂ ಬಿಟ್ಟಿವೆ. ಹೀರೋ ಅದನ್ನು ಎರಡು ಸಲ ನೋಡಿ, ನಗುತ್ತ ನಗುತ್ತ ಹಾಸಿಗೆಯ ಅಂಚು ಬಡಿದು, ಮೊಬೈಲಿನಲ್ಲಿ ಬೆರಳೂರಿ ಬರೆದು ತೋರಿಸಿದ: 'ಎಲ್ಲಾದರಾಗ ಇದ ಛಲೋ ಐತಿ. ಗೀಟು ಹಾಕಬ್ಯಾಡ, ಕೈ ನೋಯತೈತಿ.' ಹನ್ನೊಂದು ತಿಂಗಳ ನಂತರ ತೀರಿಕೊಂಡ. ಮುಂದಿನ ನಾಟಕದ ಪಾತ್ರಗಳ ಪಟ್ಟಿ ಆಗಲೇ ಬರೆದಾಗಿತ್ತು. ಹೀರೋ ಎಂಬಲ್ಲಿ ಅವನ ಹೆಸರಿತ್ತು. ಆ ನಾಟಕ ಆಗಲಿಲ್ಲ.

ಪೇಟಿ ಮಾಸ್ತರರೂ ಕಳೆದ ವರ್ಷ ಹೋದರು. ಅಧ್ಯಕ್ಷರೂ ಇಲ್ಲ.

ಕಂಡವರಲ್ಲಿ ಈಗ ಬದುಕಿದ್ದು ನನಗೆ ಸಾಕ್ಷಿ ನಿಲ್ಲಬಲ್ಲವರು ಇವರು. ನಾಯಕಿ ಬೀಳಗಿಯಲ್ಲಿದ್ದಾಳೆ, ಬಲಬದಿಯ ಮೊದಲ ಪರದೆಯ ಹಿಂದೆ ಇದ್ದಳು. ಲೆಕ್ಚರರು ಜಮಖಂಡಿಯಲ್ಲಿದ್ದಾರೆ, ಮೊದಲ ಸಾಲು. ಅಣ್ಣನ ಪಾತ್ರದ ತರುಣ ರಬಕವಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮೂರನೆಯ ಸಾಲಿನ ನೇಕಾರನೂ ಇದ್ದಾನೆ. ಸಂತೆಯಲ್ಲಿ ಸಿಕ್ಕರೆ ಬುಕ್ಕಿನವನ ಎಂದೇ ಕರೆಯುತ್ತಾನೆ. ಹೀರೋನ ಹೆಂಡತಿ ಹೆಂಗಸರ ಕಡೆ ಎರಡನೆಯ ಸಾಲಿನಲ್ಲಿ ಕೂತಿದ್ದಳು. "ನಾ ಏನೂ ನೋಡಿಲ್ಲರಿ ಅಣ್ಣಾರ. ಅವರಿಗೆ ಕೂಗಾಕ ಆಗೂದಿಲ್ಲ ಅಂತ ಗೊತ್ತಿತ್ತಲ್ರಿ, ಕಣ್ಣ ಮುಚ್ಚಿಕೊಂಡ ಕೂತಿದ್ದೆ" ಎನ್ನುತ್ತಾಳೆ. ಕಣ್ಣು ಮುಚ್ಚಿದ್ದವರು ಸಾಕ್ಷಿಯಾಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಆಕೆಯನ್ನು ಸೇರಿಸಿದ್ದೇನೆ.