ಯಂಕೋಬ ಮಿಸ್ತ್ರಿಯ ಮೂಗು

ಹಳೆಯ ಗಾಡಿಗಳ ಹೊಗೆ ಮೂಸಿ ನೋಡಿಯೇ ರೋಗ ಹೇಳುತ್ತಾನೆ ಎಂದು ಯಂಕೋಬ ಮಿಸ್ತ್ರಿಗೆ ಹೆಸರಿತ್ತು. ರಾಯಚೂರಿನ ಸ್ಟೇಷನ್ ರಸ್ತೆಯ ಬೇವಿನ ಮರದ ಕೆಳಗೆ ಅವನ ತಗಡಿನ ಶೆಡ್ಡು. ಮಾನ್ವಿಯಿಂದ, ಮಟಮಾರಿಯಿಂದ ಟ್ಯಾಕ್ಸಿಯವರು ಹುಡುಕಿಕೊಂಡು ಬರುತ್ತಿದ್ದರು. ಎಂಬತ್ಮೂರರಲ್ಲಿ ನಾವು ದೇವದುರ್ಗದಲ್ಲಿದ್ದೆವು. ಯಜಮಾನರಿಗೆ ಕಾಲುವೆ ಕೆಲಸ; ಓಡಾಟಕ್ಕೆ ಮಾವನವರು ಕೊಟ್ಟ ಹಳೇ ಅಂಬಾಸಿಡರ್. ಹಾಲು ಕುಡಿಯುವ ಮಗಳಿಗೆ ಗಾಳಿ ಸ್ವಲ್ಪ ಬದಲಾದರೆ ಸಾಕು, ಎದೆಯಲ್ಲಿ ಗೊರಗೊರ. ಡಾಕ್ಟರಿರುವುದು ರಾಯಚೂರಿನಲ್ಲಿ. ಹಾಗಾಗಿ ಡಾಕ್ಟರಷ್ಟೇ ಮಿಸ್ತ್ರಿಯೂ ನಮಗೆ ಬೇಕಾದವನಾದ.

ಯಂಕೋಬ ಮಾನ್ವಿ ಕಡೆಯವನು. ಮೀಸೆ ಬರುವ ಮೊದಲೇ ರಾಯಚೂರಿಗೆ ಬಂದು ಉಸ್ತಾದ್ ಅಲ್ಲಾಉದ್ದೀನರ ಗ್ಯಾರೇಜು ಸೇರಿದ್ದ. ಉಸ್ತಾದರು ಸೈಲೆನ್ಸರಿನ ಬಾಯಿಗೆ ಒಗೆದ ಪಂಚೆಯ ತುಂಡು ಹಿಡಿಸಿ, ಕಣ್ಣು ಮುಚ್ಚಿಸಿ, ಅದನ್ನು ಮೂಸಿಸುತ್ತಿದ್ದರಂತೆ. ಪೆಟ್ರೋಲು ಹೆಚ್ಚಾಗಿ ಗಾಳಿ ಸಾಲದಾದರೆ ಕಣ್ಣುರಿಸುವ ಹಸಿ ಘಾಟು. ಗಾಳಿ ಹೆಚ್ಚಾದರೆ ಸುಟ್ಟ ಒಣ ವಾಸನೆ. ಎರಡೂ ಹದವಾಗಿದ್ದರೆ ಬಿಸಿಲಿಗೆ ಕಾದ ಬಂಡೆಯ ವಾಸನೆ. ಯಂಕೋಬ ಇದನ್ನು ನನಗೆ ಹೇಳುವಾಗ, ಅಡುಗೆ ಹೇಳಿಕೊಡುವವನಂತೆ ಬೆರಳು ಕೂಡಿಸಿ ಹೇಳಿದ್ದ.

ಆ ಬೇಸಿಗೆಯ ಒಂದು ದಿನ ಅವನು ನಮ್ಮ ಗಾಡಿಯ ಕಾರ್ಬೋರೇಟರ್ ತಿರುವಿ, "ಹೋಗಿ ಬರ್ರಿ ಅಕ್ಕಾರ, ಸಾಫ್ ಆಗ್ಯಾದ" ಅಂದ. ಊರು ದಾಟುವುದರೊಳಗೆ ನನ್ನ ಕಣ್ಣು ಉರಿಯತೊಡಗಿತು. ಮಗು ಕೆಮ್ಮಿತು. ಕಿಟಕಿ ಇಳಿಸಿದೆ, ಸೆರಗು ಮುಚ್ಚಿದೆ, ಕೆಮ್ಮು ನಿಲ್ಲಲಿಲ್ಲ. "ನಿನಗೆ ಹಾಲಿನಲ್ಲೂ ಪೆಟ್ರೋಲ್ ವಾಸನೆ ಬರುತ್ತೆ" ಅಂದರು ಇವರು. ಆದರೆ ಹಿಂದೆ ತಿರುಗಿ ನೋಡಿದಾಗ ರಸ್ತೆಯ ತುಂಬ ಕರಿ ಹೊಗೆ. ಇವರು ಗಾಡಿಯನ್ನು ಶೆಡ್ಡಿಗೇ ತಿರುಗಿಸಿದರು.

ಯಂಕೋಬ ಮತ್ತೆ ಬಟ್ಟೆ ಹಿಡಿದ, ಮೂಸಿದ. "ಸಾಫ್ ಅದರಿ."

"ಬಟ್ಟೆ ನೋಡಿ ಮಿಸ್ತ್ರಿ, ಕಾಡಿಗೆ ಆಗಿದೆ! ನನ್ನ ಮಗು ಉಸಿರಾಡುವುದು ಬೇಡವಾ?"

ಅವನು ಬಟ್ಟೆಯನ್ನು ನೋಡಿದ. ಇನ್ನೊಮ್ಮೆ ಮೂಸಿದ. ಮುಖವನ್ನೇ ಅದರಲ್ಲಿ ಹುದುಗಿಸಿ ಮೂಸಿದ. ಅಷ್ಟರಲ್ಲಿ ಅವನ ಹೆಂಡತಿ ಸೂಗಮ್ಮ ಬುತ್ತಿ ಹೊತ್ತು ಬಂದವಳು ಅಷ್ಟು ದೂರದಲ್ಲೇ ಮೂಗಿಗೆ ಸೆರಗು ಹಿಡಿದಳು.

"ಯವ್ವಾ, ಏನ್ ನಾತ! ಬಾಯಿ ಬಾಯಿ ಪೆಟ್ರೋಲ್ ಕುಡಿಯಾಕತ್ತದ ಈ ಗಾಡಿ."

"ಸುಮ್ನಿರು ಬೇ."

"ಯಾಕ ಸುಮ್ನಿರಲಿ? ಮೊನ್ನಿ ಒಲಿ ಮ್ಯಾಲ ಬ್ಯಾಳಿ ಹೊತ್ತಿ ಇದ್ದಲಿ ಆತು. ಬಾಜೂಕ ಕುಂತಿದ್ದಿ, ಖಬರಿತ್ತೇನು ನಿನಗ? ಉಪ್ಪಿಟ್ಟಿಗಿ ಹಾಕಿದ ಇಂಗು ಗೊತ್ತಾಗಂಗಿಲ್ಲ, ಹೊಗಿ ಗೊತ್ತಾಕ್ಕದೇನು?"

ಯಂಕೋಬ ಬೇವಿನ ಮರದ ಕಡೆ ನೋಡಿದ. ಅಲ್ಲಿ ಮಟಮಾರಿಯ ಪರಮಣ್ಣ ತನ್ನ ಟ್ಯಾಕ್ಸಿಗೆ ಒರಗಿ ಬೀಡಿ ಸೇದುತ್ತ ಸರದಿ ಕಾಯುತ್ತಿದ್ದ. ಯಂಕೋಬ ದನಿ ತಗ್ಗಿಸಿದ. "ಕೈ ತೊಳೆಯೋದು ಪೆಟ್ರೋಲಿನಾಗ, ಟ್ಯಾಂಕಿಗಿ ಪೈಪ್ ಹಾಕಿ ಬಾಯಿಲೆ ಜಗ್ಗೋದು ಪೆಟ್ರೋಲು. ಹ್ವಾದ ವರ್ಷದಿಂದ ಏನೂ ವಾಸನಿ ಹತ್ತಂಗಿಲ್ರಿ. ಅಂದಾಜಿಲೆ ನಡಸಾಕತ್ತೀನಿ. ಅವನ ಕಿವಿಗಿ ಬಿತ್ತಂದ್ರ ನಾಳಿಗಿ ಟ್ಯಾಕ್ಸಿ ಸ್ಟ್ಯಾಂಡಿಗೆಲ್ಲ ಗೊತ್ತಾಕ್ಕದ. ಮೂಗಿಲ್ಲದ ಮಿಸ್ತ್ರೀಕಡಿ ಯಾರ ಬರ್ತಾರ್ರಿ ಅಕ್ಕಾರ?"

ನನಗೆ ಸಿಟ್ಟು ಬರಬೇಕಿತ್ತು. ಮಗುವನ್ನು ಎದೆಗೊತ್ತಿಕೊಂಡು ನಿಂತಿದ್ದೆ, ಹೆದರಿಕೆಯೂ ಇತ್ತು. ಇವರು ಬೇರೆ ಗ್ಯಾರೇಜಿಗೆ ಹೋಗೋಣ ಎಂದು ಬಾಗಿಲು ತೆರೆದರು. ಯಂಕೋಬ ಆ ಬಟ್ಟೆಯನ್ನು ಸಣ್ಣಗೆ ಮಡಚುತ್ತ ನಿಂತ.

ಸೂಗಮ್ಮ ಬುತ್ತಿಯನ್ನು ಕೆಳಗಿಟ್ಟಳು. "ಮೂಗು ನನಗದ. ಪಾನಾ ತಿರುವೋ ಕೈ ನಿನಗದ. ಬಿಚ್ಚು."

ಇವರು ನನ್ನನ್ನು ನೋಡಿದರು. ನಾನು ಮಗುವನ್ನು ಹೊಗೆ ತಾಗದ ಕಡೆ, ಶೆಡ್ಡಿನ ಆಚೆ ಬದಿಯ ನೆರಳಿಗೆ ಒಯ್ದು ಕೂತೆ. ಅಲ್ಲಿಂದಲೂ ಎಲ್ಲ ಕಾಣುತ್ತಿತ್ತು.

ಕಣ್ಣಿಗೆ ಕಾಣುವುದರಲ್ಲಿ ಅವನಿಗೆ ಯಾವ ತೊಂದರೆಯೂ ಇರಲಿಲ್ಲ. ಪ್ಲಗ್ಗು ಬಿಚ್ಚಿದ, ಚಿಮಣಿ ಮಸಿಯಂತೆ ಮೆತ್ತಗೆ ಕಪ್ಪು. ಕಾರ್ಬೋರೇಟರಿನ ಒಳಗಿನ ಹಿತ್ತಾಳೆ ಜೆಟ್ಟನ್ನು ಹೊರತೆಗೆದು ಬಿಸಿಲಿಗೆ ಹಿಡಿದ. ಪೆಟ್ರೋಲು ಹಾಯುವ ಆ ಸಣ್ಣ ತೂತಿನಲ್ಲಿ ಸೂಜಿಯೊಂದು ಏರಿಳಿಯುತ್ತದೆ. ಉಜ್ಜಿ ಉಜ್ಜಿ ತೂತು ಸವೆದು ಬೇವಿನ ಕಾಯಿಯಂತೆ ಉದ್ದವಾಗಿತ್ತು. ಎಷ್ಟು ತಿರುವಿದರೂ ಹದಕ್ಕೆ ಬರದಿದ್ದುದು ಇದಕ್ಕೇ. ಡಬ್ಬಿ ಹುಡುಕಿ ಹೊಸ ಜೆಟ್ಟು, ಹೊಸ ಸೂಜಿ ಹಾಕಿದ. ಎಂಜಿನ್ ಶುರುವಾಯಿತು. ಕೊನೆಯ ಹದ ಮಾತ್ರ ಉಳಿಯಿತು.

ಸೂಗಮ್ಮ ಹಿಂದೆ ಕುಕ್ಕುರುಗಾಲಲ್ಲಿ ಕೂತು ಬಟ್ಟೆ ಹಿಡಿದಳು. ಅವನು ಮುಂದೆ ಬಾನೆಟ್ಟಿನೊಳಗೆ ಬಗ್ಗಿದ. ನಡುವೆ ಇಡೀ ಗಾಡಿ.

"ಈಗ?"

"ಕಣ್ಣುರಿ ಅದ ಇನ್ನಾ."

"ಈಗ?"

"ಕಮ್ಮಿ. ಹಸಿ ಹಸಿ ಅದ."

"ಈಗ?"

"ಹೆಚ್ಚಾತು ನೋಡು, ಒಣಾ ಬಡಿಯಾಕತ್ತದ. ತುಸು ಹಿಂದಕ ತಿರುವು. ತುಸು ಅಂದೆ! ಎತ್ತು ಹೊಡಿಯಾಕತ್ತೀ ಏನು?"

"ಎತ್ತು ಮಾತಾಡಂಗಿಲ್ಲಲ್ಲ, ಅದಕ ಛಲೋ."

ಬಗ್ಗಿದಲ್ಲೇ ಅವನು ನಗುತ್ತಿದ್ದ. ಸೂಗಮ್ಮ ಬಟ್ಟೆಯನ್ನು ಮತ್ತೊಮ್ಮೆ ಮೂಸಿ ತಡೆದಳು. "ಈಗ... ನಮ್ಮ ಮನಿ ಹಿಂದಿನ ಬಂಡೆಗಲ್ಲಿಂದ ಸಂಜಿಮುಂದ ಬರ್ತದಲ್ಲ, ಆ ವಾಸನಿ." ನನಗೆ ಅವಳ ಮಾತಷ್ಟೇ ಸಾಕಾಗಲಿಲ್ಲ. ಮಗುವನ್ನು ಇವರ ಕೈಗೆ ಕೊಟ್ಟು ಹೋಗಿ ನಾನೂ ಮೂಸಿದೆ. ಕಣ್ಣು ಉರಿಯಲಿಲ್ಲ. ಬಟ್ಟೆ ತಿಳಿ ಬೂದಿ ಬಣ್ಣವಾಗಿತ್ತು.

ಆಗ ಪರಮಣ್ಣ ಬೀಡಿ ಎಸೆದು ಬಂದ. "ಏನಲೇ ಯಂಕೋಬ, ಹೆಂಡ್ತೀನ್ನ ಸೈಲೆನ್ಸರ್ ಹಿಂದ ಕುಂದರಿಸೀದಿ? ಮನ್ಯಾಗ ಏನರ ಜಗಳೇನು?"

ಸೂಗಮ್ಮ ಗಂಡನನ್ನು ನೋಡಿದಳು. ಬುತ್ತಿ ತಂದಿದ್ದಾಳೆ ಎಂದು ಅವನು ಅಂದುಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಯಂಕೋಬ ನೆಟ್ಟಗೆ ನಿಂತು ಕೈ ಒರೆಸಿಕೊಂಡ.

"ನನಗ ಮೂಗು ಹ್ವಾಗ್ಯಾದ ಪರಮಣ್ಣ. ವರ್ಷ ಆತು. ಇನ್ನ ಮ್ಯಾಲ ಹೊಗಿ ನೋಡಾಕಿ ಈಕಿ. ಮನಸ್ಸಿದ್ರ ಗಾಡಿ ಬಿಡು, ಇಲ್ಲಂದ್ರ ಬ್ಯಾಡ."

ಪರಮಣ್ಣ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದ. ನಮ್ಮ ಗಾಡಿಯ ಹಿಂದೆ ಬಗ್ಗಿ ತಾನೂ ಉಸಿರೆಳೆದ. ಮರದ ಕಡೆಗೆ ನಡೆದ. ಯಂಕೋಬನ ಕೈ ಬಟ್ಟೆಯ ಮೇಲೆ ನಿಂತೇಬಿಟ್ಟಿತು. ಮರದಡಿಯಿಂದ ಟ್ಯಾಕ್ಸಿ ಗುರುಗುಟ್ಟಿ, ಹಿಂದೆ ಸರಿದು, ನೇರ ಶೆಡ್ಡಿನೊಳಗೆ ಬಂದು ನಿಂತಿತು.

"ಹಂಗಾದ್ರ ನಂದೂ ಮೂಸಿ ನೋಡು ಯವ್ವಾ," ಅಂದ ಪರಮಣ್ಣ, ತಲೆ ಹೊರಹಾಕಿ. "ನಿನ್ನ ಗಂಡ ವರ್ಷದಿಂದ ಏನ್ ಮಾಡ್ಯಾನೋ ಏನೋ!"

ಸೂಗಮ್ಮ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. "ತಡಿಯಪ್ಪಾ. ಮೊದಲ ಅಂವ ಎರಡ ರೊಟ್ಟಿ ತಿನ್ನಲಿ."