ಚಾಳೀಸಣ್ಣನ ಸೊಟ್ಟ ಫ್ರೇಮು

ನಮ್ಮ ಬೀದಿಯ ಕನ್ನಡಕದಂಗಡಿಯವನನ್ನು ಎಲ್ಲರೂ ಚಾಳೀಸಣ್ಣ ಎನ್ನುತ್ತಾರೆ. ಬಂದವರನ್ನು ಕೂರಿಸುವ ಮೊದಲೇ ಅವರ ಮೂಗು ಅಳೆಯುವ ಆಸಾಮಿ. ಸ್ವಂತ ಬೀಗರಿಗೇ "ನಿಮ್ಮ ಮೂಗು ಎಡಕ್ಕೆ ವಾಲಿದೆ" ಎಂದು ಹೇಳಿ ಬೈಸಿಕೊಂಡವನು.

ನಾನು ಇಸ್ತ್ರಿ ಅಂಗಡಿಯವಳು. ಎಲ್ಲಿ ಸುಕ್ಕು ಕಂಡರೂ ಮೈ ಉರಿಯುತ್ತದೆ. ಯಜಮಾನರು ಬಸ್ ಡ್ರೈವರ್. ಅವರಿಗೆ ಮೇಲೆ ದೂರಕ್ಕೆ, ಕೆಳಗೆ ಓದಲಿಕ್ಕೆ ಎಂದು ಎರಡೂ ಇರುವ ಗ್ಲಾಸು ಹಾಕಿಕೊಟ್ಟದ್ದು ಇದೇ ಮಹಾಶಯ. ಸಂಜೆ ಅವನ ಅಂಗಡಿಯಲ್ಲಿ ಕೂತು ಎದುರಿನ ಬೋರ್ಡನ್ನು ಪಟಪಟ ಓದಿದವರು, ಬೆಳಿಗ್ಗೆ ಡಿಪೋದ ಕಣ್ಣಿನ ಪರೀಕ್ಷೆಯಲ್ಲಿ ತಡವರಿಸಿದರು. ಒಂದಲ್ಲ, ಎರಡು ಸಲ. ಮೂರನೆಯ ಸಲವೂ ಫೇಲಾದರೆ ಇಪ್ಪತ್ತಾರು ವರ್ಷ ಹಿಡಿದ ಸ್ಟಿಯರಿಂಗ್ ಕೈತಪ್ಪುತ್ತದೆ. ನನಗೆ ಹೆದರಿಕೆ ಹೆಚ್ಚಿದಷ್ಟೂ ಬಾಯಲ್ಲಿ ಬೆಂಕಿ. ಬೀದಿಯಲ್ಲೇ ನಿಂತು ಚಾಳೀಸಣ್ಣನ ಜನ್ಮ ಜಾಲಾಡಿದೆ.

ಸಂಜೆ ಸರಿಯಿದ್ದದ್ದು ಬೆಳಗಾಗುವುದರೊಳಗೆ ಹೇಗೆ ಕೆಡುತ್ತದೆ, ನೋಡೇಬಿಡೋಣ ಎಂದು ಮೂರನೆಯ ಪರೀಕ್ಷೆಯ ದಿನ ಬೆಳಿಗ್ಗೆ ಅವನೇ ಮನೆಗೆ ಬಂದ. ನಾನು ಎಂದಿನಂತೆ ಕನ್ನಡಕ ಒರೆಸಿ, ಇಸ್ತ್ರಿ ಮೇಜಿನ ಮೇಲಿಟ್ಟು, ಎರಡೂ ಕಡ್ಡಿ ಸಮವಾಗಿ ಕೂರುವಂತೆ ಒತ್ತಿದೆ.

"ದಿನಾ ಹೀಗೇ ಮಾಡ್ತೀರಾ ತಾಯಿ?"

"ಮತ್ತೆ? ನೀವು ಸೊಟ್ಟ ಮಾಡಿ ಕಳಿಸ್ತೀರಿ, ನಾನು ನೆಟ್ಟಗೆ ಮಾಡ್ತೀನಿ."

ಅವನು ಅದನ್ನು ಯಜಮಾನರ ಮುಖಕ್ಕೆ ಏರಿಸಿದ. ಬಲಗಡೆಯ ಗ್ಲಾಸು ಹುಬ್ಬಿನ ಮೇಲೆ ಹತ್ತಿ ಕೂತಿತ್ತು. ದೂರ ನೋಡಬೇಕಾದ ಕಣ್ಣು ಓದುವ ಭಾಗದಲ್ಲಿ ಸಿಕ್ಕಿಕೊಂಡಿತ್ತು. ಕೆನ್ನೆಯ ಕಡೆಗೆ ತುಸು ಬಾಗಿರಬೇಕಾದ ಕೆಳಗಿನ ಅಂಚೂ ನನ್ನ ಕೈಯೊತ್ತಿಗೆ ಹಲಗೆಯಂತೆ ನೆಟ್ಟಗಾಗಿತ್ತು.

"ಇವರ ಬಲಗಿವಿ ಅರ್ಧ ಬೆರಳು ಮೇಲಿದೆ. ಅದಕ್ಕೇ ಫ್ರೇಮು ಸೊಟ್ಟ ಮಾಡೋದು. ನೆಟ್ಟಗೇ ಬೇಕು ಅಂದ್ರೆ ಕಿವಿಗೂ ಒಂದು ಇಸ್ತ್ರಿ ಹೊಡೀರಿ."

ನೋಡಿದೆ. ಹೌದು. ಇಷ್ಟು ವರ್ಷ ಸಂಸಾರ ಮಾಡಿದರೂ ಕಿವಿಯ ಕಡೆ ಕಣ್ಣೇ ಹೋಗಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ. ಚಾಳೀಸಣ್ಣ ನನ್ನ ಇಸ್ತ್ರಿಪೆಟ್ಟಿಯ ಕಾವಿನಲ್ಲೇ ಕಡ್ಡಿ ಬೆಚ್ಚಗೆ ಮಾಡಿ, ಮತ್ತೆ ಚೆನ್ನಾಗಿ ಸೊಟ್ಟ ಮಾಡಿಕೊಟ್ಟ.

ಮಧ್ಯಾಹ್ನ ಯಜಮಾನರು ಪಾಸಾಗಿ ಬಂದರು. ಕೊನೆಯ ಸಾಲನ್ನೂ ಓದಿದರಂತೆ.

"ನಿಮಗೆ ಒಂದ್ಸಲನೂ ಅನುಮಾನ ಬರ್ಲಿಲ್ವಾ?" ಎಂದು ಕೇಳಿದೆ.

"ಮೊದಲ್ನೇ ದಿನವೇ ಗೊತ್ತಾಯ್ತು. ನೀನು ಒತ್ತಿದ ಮೇಲೇ ಮಬ್ಬಾಗ್ತಿತ್ತು."

"ಹೇಳೋಕೇನು ದಾಡಿ?"

"ನಿನ್ನ ಕೈಕೆಲಸ ಸರಿಯಿಲ್ಲ ಅಂದ್ರೆ ನೀನು ಎರಡು ದಿನ ಊಟ ಬಿಡ್ತೀಯ. ಬಸ್ಸು ಹೋದ್ರೆ ಹೋಗ್ಲಿ ಅಂದ್ಕೊಂಡೆ."

ಬೈಯಲು ಬಾಯಿ ತೆರೆದೆ. ಅಳು ಬಂತು.