ಹನ್ನೊಂದು ಕಡೆ ‘ಇದೆ’

ನಮ್ಮ ಕನ್ನಡ ಮೇಷ್ಟ್ರ ಬಲಗಿವಿ ಸದಾ ಬೆಳ್ಳಗಿರುತ್ತಿತ್ತು. ಬಡಗಿ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಸೀಮೆಸುಣ್ಣದ ತುಂಡನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ಸಂಜೆ ಹಾಗೆಯೇ ಮನೆಗೆ ಹೊರಟರೆ ಹೋಟೆಲಿನವನು "ಸಾರ್, ಕಿವಿ!" ಎನ್ನುತ್ತಿದ್ದ. ಅವರು ಎಡಗಿವಿ ಒರೆಸಿಕೊಂಡು ಮುಂದೆ ಹೋಗುತ್ತಿದ್ದರು.

ಬಸವಾಪಟ್ಟಣಕ್ಕೆ ಹತ್ತಿರದ ನಮ್ಮೂರಿನಲ್ಲಿ ‘ಐತೆ’ ಎನ್ನದೆ ‘ಇದೆ’ ಎನ್ನುತ್ತಿದ್ದವರು ಅವರೊಬ್ಬರೇ. ಬೀದಿನಾಯಿಯನ್ನೂ "ಆಚೆ ತೊಲಗುವಂಥವನಾಗು" ಎಂದೇ ಗದರುತ್ತಿದ್ದರು. ಅಷ್ಟು ಮರ್ಯಾದೆ ಸಿಕ್ಕ ನಾಯಿ ಕದಲುತ್ತಿರಲಿಲ್ಲ. ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ಮೊದಲು ಕೆಂಪು ಪೆನ್ನು ತೆಗೆದು ಕಾಗುಣಿತ ತಿದ್ದಿ, ಆಮೇಲೆ "ಖಂಡಿತ ಬರುತ್ತೇನೆ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ, ನಾನು ಏಳನೆಯ ತರಗತಿಯಲ್ಲಿದ್ದಾಗ, ಚನ್ನಗಿರಿ, ಹೊನ್ನಾಳಿ ಕಡೆಯ ಶಾಲೆಗಳಿಗೆಲ್ಲ ಸೇರಿ ಒಂದು ಪ್ರಬಂಧ ಸ್ಪರ್ಧೆ ನಡೆಯಿತು. ಶಾಲೆಯಲ್ಲೇ ಬರೆಸಿ ಅಂಚೆಯಲ್ಲಿ ಕಳಿಸಬೇಕಿತ್ತು. ಸಂತೇಬೆನ್ನೂರು ಸಂತೆಯಲ್ಲಿ ಮೆಣಸಿನಕಾಯಿ ಮಾರುವ ನನ್ನ ಅವ್ವನ ಬಗ್ಗೆ ಬರೆದೆ. ಓದಿ ಮುಗಿಸಿದ ಮೇಷ್ಟ್ರು, "ಇದಕ್ಕೆ ಬಹುಮಾನ ಬರದಿದ್ದರೆ ನಾನು ಪಾಠ ಹೇಳುವುದನ್ನೇ ಬಿಡುತ್ತೇನೆ" ಎಂದರು.

ಆಯ್ಕೆಯಾದವರು ಬಹುಮಾನ ಸಮಾರಂಭಕ್ಕೆ ಹೆತ್ತವರೊಡನೆ ಚನ್ನಗಿರಿಗೆ ಬರಬೇಕೆಂದು ನನಗೂ ಕಾಗದ ಬಂತು. ಸಮಾರಂಭದ ದಿನವೇ ಸಂತೆ. ಜ್ವರ ಬಂದರೂ ಸಂತೆ ತಪ್ಪಿಸದ ಅವ್ವ ಅಂದು ಬುಟ್ಟಿ ಕವುಚಿಟ್ಟಳು. "ನಿನ್ನ ಹೆಸರು ಮೈಕಿನಾಗೆ ಕೂಗೋದು ಕೇಳಬೇಕು ಕಣೆ. ಓದಾಕಂತೂ ಬರಲ್ಲ ನಂಗೆ" ಎಂದು ಮದುವೆಗೆ ಉಡುವ ಸೀರೆ ಉಟ್ಟು ಹೊರಟಳು. ಮೇಷ್ಟ್ರು ಬಸ್ಸಿನಲ್ಲಿ ನಮ್ಮಿಬ್ಬರಿಗೂ ಸೀಟು ಹಿಡಿದಿದ್ದರು.

ಮೂರು ಹೆಸರು ಕೂಗಿದರು. ನನ್ನದಿರಲಿಲ್ಲ. ಮೇಷ್ಟ್ರು ವೇದಿಕೆಯ ಹಿಂದಕ್ಕೆ ಓಡಿದರು. ನಾನೂ ಹಿಂದೆಯೇ ಹೋದೆ. ತೀರ್ಪುಗಾರರೊಬ್ಬರು ನನ್ನ ಹಾಳೆ ಮುಂದೆ ಹಿಡಿದರು. "ಮೊದಲನೇದು ಇದೇ ಇತ್ತು ರೀ. ಬೆಳಿಗ್ಗೆ ಇನ್ನೊಂದು ಸಲ ನೋಡುವಾಗ ಕಂಡ್ತು. ಇದರಾಗೆ ಎರಡು ಕೈಬರಹ ಅದಾವೆ."

ನಾನು ಬರೆದಿದ್ದ ‘ಐತೆ’ಗಳನ್ನೆಲ್ಲ ಮೇಷ್ಟ್ರು ಲಕೋಟೆ ಅಂಟಿಸುವ ಮುನ್ನ ಹೊಡೆದುಹಾಕಿ, ಮೇಲೆ ‘ಇದೆ’ ಎಂದು ಬರೆದಿದ್ದರು. ಹನ್ನೊಂದು ಕಡೆ. ಸಂತೆಯಲ್ಲಿ "ಖಾರ ಐತೆ, ತಗೊಳ್ರಿ" ಎಂದು ಕೂಗುವ ಅವ್ವನೂ ಆ ಹಾಳೆಯಲ್ಲಿ "ಖಾರ ಇದೆ" ಎನ್ನುತ್ತಿದ್ದಳು.

"ತಿದ್ದಿದವನು ನಾನು, ಬರೆದವಳು ಈ ಮಗು. ತಪ್ಪು ನನ್ನದು, ಶಿಕ್ಷೆ ಇವಳಿಗೇಕೆ?" ಮೇಷ್ಟ್ರು ಕೈಮುಗಿದರು.

"ನೀವು ಹೇಳೋದು ಖರೇ ಐತೆ ರೀ. ಆದ್ರೆ ಏನು ಮಾಡಾಕೆ ಬರುತ್ತೆ? ಬಹುಮಾನ ಕೊಟ್ಟಾಯ್ತಲ್ಲ." ಆ ಮನುಷ್ಯನ ಮುಖವೂ ಸಪ್ಪಗಿತ್ತು.

ಹೊರಗೆ ಕುರ್ಚಿ ಎತ್ತುತ್ತಿದ್ದರು. ಅವ್ವ ಕೂತಲ್ಲೇ ಕೂತಿದ್ದಳು. "ಸಾರ್, ನಮ್ಮುಡುಗಿ ಹೆಸರು ಯಾವಾಗ ಕೂಗ್ತಾರೆ?" ಎಂದಳು. ಮೇಷ್ಟ್ರು ಪಕ್ಕದ ಕುರ್ಚಿಯೊಂದನ್ನು ಎತ್ತಿಕೊಂಡು ಆಚೆ ನಡೆದರು. ನಾನೇ ಹೇಳಬೇಕಾಯಿತು.

ಮರುದಿನ ಶಾಲೆಯ ಪ್ರಾರ್ಥನೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೂಗಿ ಚಪ್ಪಾಳೆ ಹೊಡೆಸಿದರು. ಅವ್ವ ಅಲ್ಲಿರಲಿಲ್ಲ, ಮೈಕೂ ಇರಲಿಲ್ಲ. ಹಾಳೆಯನ್ನಾದರೂ ವಾಪಸು ಕೊಡಿ ಎಂದು ಸ್ಪರ್ಧೆಯವರಿಗೆ ಮೇಲಿಂದ ಮೇಲೆ ಕಾಗದ ಬರೆದರು. ಉತ್ತರವೂ ಬರಲಿಲ್ಲ, ಹಾಳೆಯೂ ಬರಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಸುಳ್ಳೇಕೆ ಹೇಳಲಿ. ಆದರೂ ಶಾಲೆ ಬಿಟ್ಟ ಮೇಲೆ ದಿನವೂ ನನ್ನನ್ನು ಕೂರಿಸಿಕೊಂಡು ಓದಿಸಿದವರು, ಅವ್ವನನ್ನು ಒಪ್ಪಿಸಿ ಹೈಸ್ಕೂಲಿಗೆ ಸೇರಿಸಿದವರು ಅವರೇ. ಇಂದು ನಾನೂ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರೆ ಅದು ಅವರ ಋಣ.

ನಿವೃತ್ತರಾಗಿ ಅವರು ನ್ಯಾಮತಿಯಲ್ಲಿ ನೆಲೆಸಿದರು. ತೀರಿಕೊಳ್ಳುವ ಎಂಟು ದಿನ ಮೊದಲು ನೋಡಲು ಹೋಗಿದ್ದೆ. ಹಾಸಿಗೆ ಹಿಡಿದಿದ್ದರು, ಮಾತು ತೊದಲುತ್ತಿತ್ತು, ನೆನಪು ಮಸುಕಾಗಿತ್ತು. ಬಲಗಿವಿಯಲ್ಲಿ ಸುಣ್ಣದ ಗುರುತೇ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಕೈ ಹಿಡಿದು, ಬದುಕಿನುದ್ದಕ್ಕೂ ಹೊಡೆದುಹಾಕಿದ ಆ ಪದದಲ್ಲೇ ಕೇಳಿದರು: "ಆ ಹಾಳೆ... ನಿನ್ನತ್ರ ಐತೇನಮ್ಮ?"

"ಐತೆ ಸಾರ್" ಎಂದೆ.

ಅವರು ತಿದ್ದಲಿಲ್ಲ.